ಅರಗಿನ ತಟ್ಟೆಯಲ್ಲಿ ಉಳಿದ ದನಿ

ಗಂಗೂಬಾಯಿ ಹಾನಗಲ್ ಎಂದೊಡನೆ ನಮಗೆಲ್ಲ ನೆನಪಾಗುವುದು ಆ ತುಂಬು ಗಂಡುದನಿ. ರೇಡಿಯೋ ಹಾಕುವ ಹೊತ್ತಿಗೆ ಹಾಡು ಶುರುವಾಗಿಬಿಟ್ಟಿದ್ದರೆ, ಹಾಡುತ್ತಿರುವವರು ಗಂಡಸೋ ಹೆಂಗಸೋ ಎಂದು ಹೊಸಬರು ತಡವರಿಸುತ್ತಿದ್ದರು. ಆದರೆ 1930ರ ದಶಕದಲ್ಲಿ ಅವರು ಎಚ್‌ಎಂವಿ ಕಂಪನಿಗೆ ಹಾಡಿದ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿ ನೋಡಿ. ಅಲ್ಲಿರುವುದು ಎತ್ತರದಲ್ಲಿ ಸಲೀಸಾಗಿ ಓಡಾಡುವ, ಸಣ್ಣನೆಯ ಹುಡುಗಿಯ ದನಿ! ಆಗ ಅವರ ಹೆಸರೂ ಬೇರೆ, ಗಾಂಧಾರಿ. ಮುಂದೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು ಭಾರವಾಯಿತು. ಆ ಭಾರವಾದ ದನಿಯಲ್ಲೇ ಅವರು ಲೋಕವನ್ನು ಗೆದ್ದರು, 2009ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗಂಟಲಿನಲ್ಲೇ ಉಳಿಯದ ಮೊದಲ ದನಿ ಆ ತಟ್ಟೆಗಳಲ್ಲಿ ಮಾತ್ರ ಉಳಿದಿದೆ.

ಆ ತಟ್ಟೆಯಾದರೂ ಎಂಥದ್ದು? ನಮ್ಮ ಅಜ್ಜಿಯರು ತೊಡುತ್ತಿದ್ದ ಅರಗಿನ ಬಳೆಯ ಅರಗೇ ಅದರ ಮೂಲ. ಕಲ್ಲಿನ ಪುಡಿಯೊಂದಿಗೆ ಅರಗನ್ನು ಕಾಯಿಸಿ ಒತ್ತಿ ಮಾಡಿದ್ದು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಕೈಜಾರಿದರೆ ಬಳೆಯಂತೆಯೇ ಚೂರು. ವಿನೈಲ್ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ತಟ್ಟೆ ಬಂದದ್ದು 1948ರಲ್ಲಿ, ಅದೂ ಅಮೆರಿಕದಲ್ಲಿ.

ನಮ್ಮ ದೇಶದಲ್ಲಿ ಈ ತಟ್ಟೆಗೆ ಮೊದಮೊದಲು ಧೈರ್ಯವಾಗಿ ಹಾಡಿದವರು ಹೆಂಗಸರು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಿದಳು. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಕಲ್ಕತ್ತೆಯಲ್ಲೇ ಕಾರ್ಖಾನೆ ಆದದ್ದು 1908ರಲ್ಲಿ. ಅಷ್ಟು ಮೆರೆದ ಗೌಹರ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು 1930ರ ಜನವರಿಯಲ್ಲಿ ಅಲ್ಲೇ ಕಣ್ಣುಮುಚ್ಚಿದಳು.

ಹಾಡುವ ಹೆಂಗಸನ್ನು ಹೊಸ್ತಿಲೊಳಗೆ ಕರೆಯದ ಮನೆಗಳು ಅವಳ ದನಿಯನ್ನು ಮಾತ್ರ ಪಡಸಾಲೆಯಲ್ಲಿ ಕೂರಿಸಿಕೊಂಡವು. ಇದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಹಚ್ಚೊಳ್ಳಿಯ ನಮ್ಮ ಮನೆಯಲ್ಲೂ ಹಾಗೇ. ಗಂಡಸರು ಪೆಟ್ಟಿಗೆಯ ಮುಂದೆ, ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರ ತನಕ ಮದರಾಸು ಆಡಳಿತದಲ್ಲಿತ್ತು. ಆದವಾನಿ ಆಂಧ್ರದ ಪಾಲಾಯಿತು, ಸಿರುಗುಪ್ಪ ಇತ್ತ ಉಳಿಯಿತು. ನಮ್ಮ ಪೆಟ್ಟಿಗೆಯಲ್ಲಿದ್ದ ತಟ್ಟೆಗಳಿಗೆ ಗಡಿಯ ಗೊಡವೆಯೇ ಇರಲಿಲ್ಲ. ಕನ್ನಡದ ಕಂಪನಿ ನಾಟಕದ ಹಾಡಿನ ಕೆಳಗೆ ತೆಲುಗು ನಾಟಕದ ಪದ್ಯ, ಅದರ ಕೆಳಗೆ ಮರಾಠಿ ಪದ.

ನಮ್ಮೂರ ಬಿಸಿಲು ಗೊತ್ತಲ್ಲ. ಅಟ್ಟದ ಮೇಲಿನ ಅರ್ಧ ತಟ್ಟೆಗಳು ಹಪ್ಪಳದಂತೆ ಸೊಟ್ಟಗಾಗಿದ್ದವು. ಉಳಿದವನ್ನು ಗುಜರಿಯವನಿಗೆ ಕೊಡುವ ಮಾತು ಬಂದಾಗ ನಾನು ಅಡ್ಡ ನಿಂತೆ. ತಮ್ಮನ ಮಗ ಕಂಪ್ಯೂಟರ್ ತಂದು ಕೂತ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಜಾಡಿನಲ್ಲೇ ಒರೆಸಬೇಕು. ಮಧ್ಯದ ಕಾಗದ ನೆನೆಯಬಾರದು. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಅದರಲ್ಲಿ ಅರಗು ಕರಗುತ್ತದೆ, ಹಾಡೂ ಹೋಗುತ್ತದೆ. 78ರ ಗೆರೆ ಅಗಲ, ಆದ್ದರಿಂದ ಮುಳ್ಳೂ ಅದಕ್ಕೆ ತಕ್ಕ ದಪ್ಪದ್ದೇ ಬೇಕು. ಎಲ್‌ಪಿಯ ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಬರೀ ಕೊಳೆಯ ಸದ್ದನ್ನೇ ಎತ್ತುತ್ತದೆ. ಪ್ಲೇಯರಿನಿಂದ ಕಂಪ್ಯೂಟರಿಗೆ ಒಂದು ವೈರು, ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ, ಇಷ್ಟಿದ್ದರೆ ಸಾಕು. ಕಂಪ್ಯೂಟರ್ ಸೆಕೆಂಡಿಗೆ 44,100 ಬಾರಿ ದನಿಯನ್ನು ಅಳೆದು ಅಂಕಿಯಾಗಿ ಬರೆದಿಡುತ್ತದೆ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿ, ಗೌಹರ್ ಜಾನಳ ಕಾಲದ ತಟ್ಟೆಗಳನ್ನು ಎಲ್ಲರ ಕಿವಿಗೆ ತಲುಪಿಸಿದೆ.

ಹುಡುಗನಿಗೂ ನನಗೂ ಜಗಳವಾದದ್ದು ಕಿರಕಿರ ಸದ್ದಿನ ವಿಚಾರಕ್ಕೆ. "ಅತ್ತೆ, ಒಂದ್ ಬಟನ್ ಒತ್ತಿದ್ರ ಎಲ್ಲಾ ಹೋಗ್ತದ ನೋಡ್ರಿ" ಎಂದ. ಒತ್ತಿದ. ಕಿರಕಿರ ಹೋಯಿತು. ಅದರ ಜೊತೆಗೆ ಹಾಡುವಾಕೆ ತಾನಿನ ನಡುವೆ ಎಳೆದುಕೊಳ್ಳುತ್ತಿದ್ದ ಸಣ್ಣ ಉಸಿರೂ ಹೋಯಿತು! ದನಿ ನೀರಿನೊಳಗಿಂದ ಬಂದಂತಾಯಿತು. "ಆಕಿ ಉಸುರು ವಾಪಸ್ ಕೊಡಪ್ಪ ಮೊದ್ಲು" ಎಂದೆ. ಈಗ ನಮ್ಮಲ್ಲಿ ಎರಡು ಪ್ರತಿ ಇವೆ. ತೊಳೆದದ್ದು ಮಕ್ಕಳಿಗೆ, ತೊಳೆಯದ್ದು ನನಗೆ. ಪ್ರತಿಯೊಂದಕ್ಕೂ ಲೇಬಲ್ಲಿನ ಮೇಲಿದ್ದಂತೆಯೇ ಹೆಸರು, ನಂಬರು ಬರೆದಿಟ್ಟಿದ್ದೇನೆ. ಇಂಥವರ ಮಗಳು, ಇಂಥವರ ಹೆಂಡತಿ ಎಂಬುದೇನೂ ಆ ಲೇಬಲ್ಲುಗಳಲ್ಲಿಲ್ಲ. ಆಕೆಯ ಹೆಸರು, ಕೆಲವಕ್ಕೆ ಊರಿನ ಹೆಸರು, ರಾಗ. ನಾಲ್ಕು ತಟ್ಟೆಗಳ ಎರಡನೆಯ ಮಗ್ಗುಲು ಇನ್ನೂ ಬಾಕಿಯಿದೆ.