ಗರ್ಭಕಂಠದ ಕ್ಯಾನ್ಸರ್ ಮತ್ತು ಪ್ಯಾಪಿಲೋಮಾ ವೈರಾಣು: ಜಮಖಂಡಿ ಸೀಮೆ

ಹ್ಯೂಮನ್ ಪ್ಯಾಪಿಲೋಮಾ ವೈರಾಣುವಿನ ಇನ್ನೂರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಹಲವು ನರುಲಿಗಳನ್ನೆಬ್ಬಿಸಿ ಸುಮ್ಮನಾಗುವಂಥವು. ಲೈಂಗಿಕ ಸಂಪರ್ಕದಿಂದ ಹರಡುವ ಕೆಲವು ಮಾತ್ರ, ಅವುಗಳಲ್ಲಿಯೂ ವಿಶೇಷವಾಗಿ 16 ಮತ್ತು 18ನೆಯವು, ದೇಹದಲ್ಲಿ ಬಹುಕಾಲ ನೆಲೆನಿಂತರೆ ಗರ್ಭಕಂಠದ ಕ್ಯಾನ್ಸರಿಗೆ ಮೂಲವಾಗುತ್ತವೆ. ಸನ್ಯಾಸಿನಿಯರಲ್ಲಿ ಗರ್ಭಾಶಯದ ಕ್ಯಾನ್ಸರ್ ವಿರಳವೆಂದು ವೆರೋನಾದ ರಿಗೋನಿ-ಸ್ಟರ್ನ್ 1842ರಲ್ಲಿಯೇ ಮರಣದಾಖಲೆಗಳಿಂದ ಕಂಡುಕೊಂಡಿದ್ದರೂ, ಕಾರಣವು ಕೈಗೆ ಸಿಕ್ಕಿದ್ದು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ನರ ಬಳಗವು 1983ರಲ್ಲಿ 16ನೆಯ ಪ್ರಭೇದವನ್ನೂ ಮರುವರ್ಷ 18ನೆಯದನ್ನೂ ಪ್ರತ್ಯೇಕಿಸಿದಾಗಲೇ. ಅವರಿಗೆ ನೊಬೆಲ್ ಪಾರಿತೋಷಕ ಸಂದದ್ದು 2008ರಲ್ಲಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಬ್ಬಿನ ಹೊಲಗಳಲ್ಲಿಯೂ ಮಗ್ಗದ ಮನೆಗಳಲ್ಲಿಯೂ ದುಡಿಯುವ ಹೆಣ್ಣುಮಕ್ಕಳು ಬಿಳಿಸೆರಗನ್ನು ಸಂಕೋಚದಿಂದ ಮುಚ್ಚಿಟ್ಟು, ರೋಗ ಬಲಿತ ಮೇಲೆ ಮಿರಜೆಗೋ ಹುಬ್ಬಳ್ಳಿಗೋ ಹೋಗುವುದು ಸಾಮಾನ್ಯ. ಎಚ್‌ಐವಿ ಸೋಂಕಿದ್ದವರಿಗೆ ಈ ಅಪಾಯವು ಆರುಪಟ್ಟು ಅಧಿಕವಾದುದರಿಂದ, ಆ ಸೋಂಕು ಹಳ್ಳಿಗಳವರೆಗೂ ವ್ಯಾಪಿಸಿದ್ದ ಬಾಗಲಕೋಟೆ ಜಿಲ್ಲೆಗೆ ಈ ವಿಷಯ ದೂರದ್ದಲ್ಲ.

ಸುದೈವದಿಂದ, ಮುಂಚಿತವಾದ ಪರೀಕ್ಷೆಯು ಸಾವನ್ನು ತಡೆಯಬಲ್ಲದೆಂಬುದಕ್ಕೆ ಪ್ರಬಲವಾದ ಪ್ರಮಾಣವೂ ನೆರೆಯಲ್ಲಿಯೇ ದೊರೆಯಿತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವೂ ಕೂಡಿ, ಇಂದು ಧಾರಾಶಿವವೆನಿಸಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಿಂದ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಪಂಗಡಗಳಾಗಿಸಿ, ಒಂದಕ್ಕೆ ವೈರಾಣುಪರೀಕ್ಷೆಯನ್ನೂ, ಒಂದಕ್ಕೆ ಪ್ಯಾಪ್ ಪರೀಕ್ಷೆಯನ್ನೂ, ಒಂದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಕ್ರಮವನ್ನೂ ಅನುಸರಿಸಿ, ನಾಲ್ಕನೆಯದನ್ನು ವಾಡಿಕೆಯ ಶುಶ್ರೂಷೆಗೇ ಬಿಟ್ಟವು. 2009ರಲ್ಲಿ ಪ್ರಕಟವಾದ ಫಲ ಸ್ಪಷ್ಟವಾಗಿತ್ತು: ಜೀವಮಾನದಲ್ಲಿ ಒಮ್ಮೆ ನಡೆದ ವೈರಾಣುಪರೀಕ್ಷೆಯೊಂದೇ ಮರಣಗಳನ್ನು ಸುಮಾರು ಅರ್ಧಕ್ಕಿಳಿಸಿತ್ತು; ಉಳಿದೆರಡು ಕ್ರಮಗಳಿಂದ ಗಣನೀಯವಾದ ಇಳಿಕೆ ಕಾಣಲಿಲ್ಲ. ನಾಲ್ಕನೆಯ ಪಂಗಡವನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದು ನ್ಯಾಯವೇ ಎಂಬ ಆಕ್ಷೇಪ ಆಮೇಲೆ ಎದ್ದಿತು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು.

ಲಸಿಕೆಯ ಕಥೆ ಇನ್ನೂ ವಿಚಿತ್ರವಾದುದು. ಎರಡು ಮತ್ತು ಮೂರು ವರಸೆಗಳನ್ನು (ಡೋಸ್‌ಗಳನ್ನು) ಹೋಲಿಸಲೆಂದು 2009ರಲ್ಲಿ ಬಾರ್ಶಿಯೂ ಸೇರಿ ಹಲವು ಕೇಂದ್ರಗಳಲ್ಲಿ ಆರಂಭವಾದ ಪ್ರಯೋಗವು, ಬೇರೊಂದು ಲಸಿಕಾ ಯೋಜನೆಯಲ್ಲಿ ಉಂಟಾದ ಗದ್ದಲದ ನಿಮಿತ್ತ, 2010ರಲ್ಲಿ ಸರಕಾರದ ಆಜ್ಞೆಯಿಂದ ನಡುವೆಯೇ ನಿಂತು, ಸಾವಿರಾರು ಬಾಲಿಕೆಯರಿಗೆ ಒಂದೇ ವರಸೆ ದೊರೆಯಿತು. ಹತ್ತು ವರ್ಷ ಅವರನ್ನು ಅನುಸರಿಸಿ ನೋಡಿದಾಗ 16 ಮತ್ತು 18ನೆಯ ಪ್ರಭೇದಗಳ ನೆಲೆಗೊಂಡ ಸೋಂಕಿನ ವಿರುದ್ಧ ಆ ಒಂದು ವರಸೆಯ ರಕ್ಷಣೆಯು ಎರಡು ಮೂರರದಕ್ಕೆ ಸರಿಸಮವಾಗಿಯೇ ಕಂಡಿತು. ಒಂದು ವರಸೆಯೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದ್ದಕ್ಕೆ ಈ ಅಪೂರ್ಣ ಪ್ರಯೋಗವೂ ಒಂದು ಆಧಾರವಾಯಿತು.