ಹೆಸರಿನಲ್ಲಿದ್ದ ಒಂದೇ ಆಸ್ತಿ

ಚನ್ನಪಟ್ಟಣ ತಾಲೂಕಿನ ಅಕ್ಕೂರಿನಂಥ ಊರಿನಲ್ಲಿ ಒಬ್ಬನ ಸ್ಥಿತಿಗತಿ ಹೇಗಿದೆ ಎಂದು ಕೇಳಿದರೆ ಜನರು ಅವನ ಹಿಪ್ಪುನೇರಳೆ ತೋಟ, ತೆಂಗಿನ ಮರ, ಹಟ್ಟಿಯ ಹಸುಗಳನ್ನು ಎಣಿಸುತ್ತಾರೆ. ಕಾಗದದ ಸಾಕ್ಷಿ ಬೇಕೆಂದರೆ ಪಹಣಿ ಇದೆ. ಅಂಥದೇ ಒಬ್ಬ ಮನುಷ್ಯ, ಭಟ್ಕಳದವನೋ ಉಡುಪಿಯವನೋ ಮಂಗಳೂರಿನವನೋ, 1980ರ ದಶಕದಲ್ಲಿ ಕುವೈತಿಗೆ ಹೋದನೆಂದುಕೊಳ್ಳಿ. ಅಲ್ಲಿ ಅವನ ಆಸ್ತಿಯನ್ನು ಹೇಗೆ ಎಣಿಸುವುದು?

ನೆಲ ಅವನದಲ್ಲ. ವಿದೇಶೀಯರು ಸ್ಥಿರಾಸ್ತಿ ಹೊಂದುವುದಕ್ಕೆ ಕುವೈತ್ 1979ರ ಕಾನೂನಿನಲ್ಲಿ ಕಟ್ಟುನಿಟ್ಟಿನ ಮಿತಿ ಹಾಕಿತ್ತು. ಅಂಗಡಿ ತೆರೆಯಬೇಕಾದರೆ ಶೇ. 51ರ ಪಾಲು ಆ ದೇಶದ ಪ್ರಜೆಯ ಹೆಸರಿನಲ್ಲಿರಬೇಕಿತ್ತು. ಮನೆ ಬಾಡಿಗೆಯದು, ವೀಸಾ ಮಾಲಕನ ಕೈಯಲ್ಲಿ. ಅವನ ಸ್ವಂತ ಹೆಸರಿನಲ್ಲಿ ಸರಕಾರದ ಮೊಹರು ಬಿದ್ದು ಬರಬಹುದಾಗಿದ್ದ ದೊಡ್ಡ ವಸ್ತು ಒಂದೇ, ಕಾರು. ಅದೂ ಹೆಚ್ಚಾಗಿ ಹಳೆಯದು.

ಕಾರಿನ ನೋಂದಣಿ ಪತ್ರಕ್ಕೆ ಅಲ್ಲಿ ದಫ್ತರ್ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಧೂಳು ತಿನ್ನುವ ದಫ್ತರವೂ ಅದೇ ಪದ. ಊರಿನಲ್ಲಿ ಪಹಣಿಗೆ ಇರುವ ಮರ್ಯಾದೆ ಅಲ್ಲಿ ಈ ದಫ್ತರಿಗೆ.

ಮಾರಾಟವೆಂಬುದು ಬಹುಪಾಲು ಪರಿಚಯದವರ ನಡುವೆಯೇ ಆಗುತ್ತಿತ್ತು. ಕೆಲಸ ಮುಗಿಸಿ ಊರಿಗೆ ಹೊರಟವನು ಹೊಸದಾಗಿ ಬಂದವನಿಗೆ ಕಾರನ್ನು ದಾಟಿಸುತ್ತಿದ್ದ. ಕೊಳ್ಳುವವನು ಮೊದಲು ನೋಡುತ್ತಿದ್ದದ್ದು ಎಂಜಿನ್ನನ್ನಲ್ಲ, ಏಸಿಯನ್ನು. ಬೇಸಿಗೆಯಲ್ಲಿ 50 ಡಿಗ್ರಿಯ ಹತ್ತಿರ ಸುಳಿದಾಡುವ ಊರಿನಲ್ಲಿ ಅದು ಕೆಟ್ಟರೆ ಕಾರು ಒಲೆಯಾಗುತ್ತದೆ. ಆಮೇಲೆ ಶುವೈಖಿನ ಗ್ಯಾರೇಜು, ವಿಮೆ, ಸಂಚಾರ ಇಲಾಖೆಯ ತಪಾಸಣೆ, ಕೊನೆಗೆ ದಫ್ತರಿನಲ್ಲಿ ಹೆಸರು ಬದಲಾವಣೆ. ಎಡಬದಿಯ ಸ್ಟಿಯರಿಂಗಿಗೂ ರಸ್ತೆಯ ಬಲಬದಿಗೂ ಕೈ ಒಗ್ಗಬೇಕು.

ಹೊರಟವನು ಕಾರನ್ನು ಊರಿಗೇ ಏಕೆ ತರುತ್ತಿರಲಿಲ್ಲ? ನಮ್ಮ ಸುಂಕದ ಭಾರ ಒಂದು ಕಾರಣ. ಜೊತೆಗೆ ನಮ್ಮ ರಸ್ತೆ ಎಡಬದಿಯದು. 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಎಡಬದಿ ಸ್ಟಿಯರಿಂಗಿನ ವಾಹನಕ್ಕೆ ವಿಶೇಷ ಸಂಕೇತ ಸಾಧನದ ಷರತ್ತು ಹಾಕುತ್ತದೆ. ಹೀಗೆ ಕಾರು ಅಲ್ಲೇ ಉಳಿಯುತ್ತಿತ್ತು, ಒಡೆಯರು ಬದಲಾಗುತ್ತಿದ್ದರು.

ಒಂದು ಸಂಗತಿ ಇಂದಿನವರಿಗೆ ವಿಚಿತ್ರವೆನಿಸಬಹುದು. 1961ರಲ್ಲಿ ದಿನಾರು ಬರುವವರೆಗೆ ಕುವೈತಿನಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿ. 1959ರಿಂದ ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಪ್ರತ್ಯೇಕ ನೋಟನ್ನೂ ಮುದ್ರಿಸುತ್ತಿತ್ತು. ಅಂದರೆ ಅಲ್ಲಿಯ ಮೊದಲ ತಲೆಮಾರಿನ ಕಾರುಗಳ ಬೆಲೆಯನ್ನು ರೂಪಾಯಿಯಲ್ಲೇ ಹೇಳುತ್ತಿದ್ದಿರಬೇಕು. ರೂಪಾಯಿಯನ್ನು ಹುಡುಕಿಕೊಂಡು ಅರಬರು ಮುಂಬೈಗೆ ಬರುತ್ತಿದ್ದ ಕಾಲ ಹೋಗಿ, ದಿನಾರನ್ನು ಹುಡುಕಿಕೊಂಡು ನಾವು ಹೋಗುವ ಕಾಲ ಬಂತು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಆಗ ಅಲ್ಲಿದ್ದ ಭಾರತೀಯರು ಸುಮಾರು 1.7 ಲಕ್ಷ. ಕರಾವಳಿ ಕರ್ನಾಟಕದ ಸಾವಿರಾರು ಮನೆಗಳ ಅನ್ನ ಆ ದೇಶದಿಂದ ಬರುತ್ತಿತ್ತು. ಆಕ್ರಮಣಕಾರರು ಇರಾಕಿ ದಿನಾರನ್ನು ಕುವೈತಿ ದಿನಾರಿಗೆ ಸಮವೆಂದು ಸಾರಿದರು. ಒಂದು ಕುವೈತಿ ದಿನಾರು ಹಲವು ಪಟ್ಟು ಹೆಚ್ಚು ಬೆಲೆಯದಾಗಿತ್ತು. ರಾತ್ರೋರಾತ್ರಿ ಉಳಿತಾಯ ಕರಗಿತು. ಕಾರು ಮಾರಿದರೂ ಕೈಗೆ ಬರುವುದು ಆ ಕಾಗದವೇ. ಅದೇ ತಿಂಗಳ 28ರಂದು ಕುವೈತನ್ನು ಇರಾಕಿನ 19ನೇ ಪ್ರಾಂತವೆಂದು ಘೋಷಿಸಲಾಯಿತು. ವಾಹನಗಳ ನಂಬರ್ ಪ್ಲೇಟನ್ನೂ ಬದಲಿಸಬೇಕೆಂಬ ಆಜ್ಞೆ ಹೊರಟಿತು.

ಹೊರಬರುವ ದಾರಿ ಬಸ್ರಾ, ಬಗ್ದಾದ್ ಮೂಲಕ ಜೋರ್ಡಾನಿನ ಅಮ್ಮಾನಿಗೆ. ಸುಮಾರು 1,500 ಕಿಲೋಮೀಟರ್, ಬಹುಪಾಲು ಮರುಭೂಮಿ. ಕೆಲವರು ತಮ್ಮ ಕಾರಿನಲ್ಲಿ, ಉಳಿದವರು ಬಸ್ಸು, ಲಾರಿಗಳಲ್ಲಿ ಹೊರಟರು. ಅಮ್ಮಾನಿನಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದಿತು. ಈ ಸಾಹಸ ದಾಖಲೆಯಾಯಿತು, ಮುಂದೆ ಸಿನಿಮಾವನ್ನೂ ಪ್ರೇರೇಪಿಸಿತು. ಆದರೆ ವಿಮಾನ ಹತ್ತಿದವನ ಕೈಯಲ್ಲಿ ಏನಿತ್ತು? ಒಂದು ಚೀಲ, ಪಾಸ್‌ಪೋರ್ಟ್, ಬುದ್ಧಿವಂತನಾಗಿದ್ದರೆ ಮಡಚಿಟ್ಟ ದಫ್ತರ್. ಕಾರನ್ನು ಜೊತೆಗೆ ವಿಮಾನಕ್ಕೇರಿಸುವಂತಿರಲಿಲ್ಲ.

ಆ ಕಾಗದದ ಬೆಲೆ ತಿಳಿದದ್ದು ಆಮೇಲೆ. ನಷ್ಟಕ್ಕೆ ಇರಾಕ್ ಹೊಣೆಯೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1991ರ ಏಪ್ರಿಲ್‌ನಲ್ಲಿ ತೀರ್ಮಾನಿಸಿತು. ಮರುತಿಂಗಳು ಪರಿಹಾರ ಆಯೋಗ ರಚನೆಯಾಯಿತು. ದೆಹಲಿಯ ವಿದೇಶಾಂಗ ಸಚಿವಾಲಯದಲ್ಲಿ ಅದಕ್ಕೆಂದೇ ವಿಶೇಷ ಕುವೈತ್ ಘಟಕ ಕೆಲಸಮಾಡಿತು. ದೇಶ ಬಿಟ್ಟು ಹೊರಟದ್ದಕ್ಕೆ ಒಬ್ಬನಿಗೆ 2,500 ಡಾಲರ್ ನಿಗದಿಯಾಯಿತು. ಬೇರಾವ ವೈಯಕ್ತಿಕ ನಷ್ಟವನ್ನೂ ಕೇಳುವುದಿಲ್ಲ ಎಂದು ಬರೆದುಕೊಟ್ಟರೆ 4,000. ಕಾರು, ಮನೆಸಾಮಾನು, ಸಂಬಳ, ಬ್ಯಾಂಕ್ ಹಣ ಹೋಯಿತು ಎನ್ನುವವರು ಬೇರೆ ವರ್ಗದಲ್ಲಿ ಒಂದು ಲಕ್ಷ ಡಾಲರಿನವರೆಗೆ ಕೇಳಬಹುದಿತ್ತು. ಆದರೆ ಪುರಾವೆ ಬೇಕು.

ಹಳೆಯ ಕಾರಿನ ಒಡೆಯನಿಗೆ ಇದೊಂದು ಲೆಕ್ಕದ ಸಂಕಟ. ಕೇಳದಿದ್ದರೆ 1,500 ಡಾಲರ್ ಹೆಚ್ಚು, ಆಗಿನ ದರದಲ್ಲಿ ಸುಮಾರು 430 ದಿನಾರು. ಹತ್ತು ವರ್ಷ ಹಳೆಯದಾದ, ಮೂರು ಕೈ ಬದಲಾದ ಕಾರು ಅಷ್ಟು ಬಾಳುತ್ತದೆಯೇ? ಬಾಳುತ್ತದೆಂದರೂ ದಫ್ತರಿನಲ್ಲಿರುವುದು ತನ್ನ ಹೆಸರೋ, ಮೊದಲೇ ಊರು ಸೇರಿದ ಗೆಳೆಯನ ಹೆಸರೋ? ಹಣ ಕೊಟ್ಟು ಕೀಲಿ ಪಡೆದು, ಹೆಸರು ಬದಲಾವಣೆಯನ್ನು ಮುಂದಿನ ತಿಂಗಳಿಗೆ ಬಿಟ್ಟವನು ಏನು ತೋರಿಸಬೇಕಿತ್ತು? ನಂಬಿಕೆಯ ಮೇಲೆ ವ್ಯಾಪಾರ ಮಾಡುವುದು ನಮ್ಮವರ ಗುಣ. ಜಿನೀವಾದ ಕಚೇರಿಗೆ ಆ ನಂಬಿಕೆ ಓದಲು ಬರುತ್ತಿರಲಿಲ್ಲ. ಅದು ತಯಾರಕರು, ಮಾದರಿ, ವರ್ಷಗಳ ಪ್ರಕಾರ ಕುವೈತಿನ ಕಾರುಗಳ ಬೆಲೆಪಟ್ಟಿಯನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತಿತ್ತು. ಬಡ ಗುಮಾಸ್ತನೊಬ್ಬ ಚೌಕಾಸಿ ಮಾಡಿ ಕೊಂಡ ಹಳೆಯ ಕಾರಿನ ಬೆಲೆ ಅಂತಾರಾಷ್ಟ್ರೀಯ ನ್ಯಾಯದ ವಿಷಯವಾದ ಇಂಥ ಉದಾಹರಣೆ ಇತಿಹಾಸದಲ್ಲಿ ಬೇರೆ ಇದೆಯೇ?

ಹಣ ಬೇಗ ಬರಲಿಲ್ಲ. ಇರಾಕಿನ ಮೇಲೆ ದಿಗ್ಬಂಧನವಿತ್ತು. ಆಹಾರಕ್ಕಾಗಿ ತೈಲ ಯೋಜನೆಯಡಿ 1996ರ ಡಿಸೆಂಬರಿನಲ್ಲಿ ಅದರ ತೈಲ ಮತ್ತೆ ಹೊರಬಂದ ಮೇಲಷ್ಟೇ ಆಯೋಗಕ್ಕೆ ನಿಯಮಿತವಾಗಿ ಹಣ ಹರಿಯಿತು. ಆ ತೈಲದ ಆದಾಯದಲ್ಲಿ ಶೇ. 30 ಪರಿಹಾರಕ್ಕೆ ಹೋಗುತ್ತಿದ್ದಾಗ ಇರಾಕಿನ ಸಾಮಾನ್ಯ ಜನರು ಔಷಧಿಗೂ ಪರದಾಡುತ್ತಿದ್ದರು ಎಂಬುದನ್ನೂ ಹೇಳಬೇಕು. ವ್ಯಕ್ತಿಗಳ ಅರ್ಜಿಗಳು ಮೊದಲು ತೀರಿದವು, ದೊಡ್ಡ ಕಂಪೆನಿ, ಸರಕಾರಗಳವು ಆಮೇಲೆ. ಒಟ್ಟು 52.4 ಶತಕೋಟಿ ಡಾಲರಿನ ಕೊನೆಯ ಕಂತನ್ನು ಆಯೋಗ ಪಾವತಿಸಿದ್ದು 2022ರ ಜನವರಿಯಲ್ಲಿ. ಆ ಹೊತ್ತಿಗೆ 1990ರ ಆ ಕಾರುಗಳು ಗುಜರಿ ಸೇರಿ ಎಷ್ಟೋ ವರ್ಷಗಳಾಗಿದ್ದವು.