ಕೆರೆ, ಶಾಸನ ಮತ್ತು ಹೆಬ್ಬಾತು

ಧಾರವಾಡ ಸೀಮೆಯ ಊರುಗಳ ಹೆಸರುಗಳನ್ನು ಒಮ್ಮೆ ನೆನೆದು ನೋಡಿರಿ. ಕುಂದಗೋಳ ತಾಲೂಕಿನ ಗುಡಗೇರಿ ಇಂದು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುದಾರಿಯ ಒಂದು ನಿಲ್ದಾಣ. ಹನ್ನೊಂದನೆಯ ಶತಮಾನದ ಶಾಸನದಲ್ಲಿ ಅದರ ಹೆಸರು ಗುಡಿಗೆರೆ. ಅಲ್ಲಿಂದ ಮೂಡಲಿಗೆ ಹೋದರೆ ಲಕ್ಷ್ಮೇಶ್ವರ. ಅದರ ಹಳೆಯ ಹೆಸರು ಪುಲಿಗೆರೆ. ಕನ್ನಡದ ತಿರುಳು ಯಾವ ನಾಡಿನದೆಂದು ಹೇಳುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಪಂಪನು ತನ್ನ ಕಾವ್ಯಭಾಷೆಗೆ ಈ ಊರಿನ ಕನ್ನಡವನ್ನೇ ಆಧಾರವೆಂದು ಹೇಳಿಕೊಂಡನು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪುಲಿಗೆರೆಯ ಕನ್ನಡವನ್ನು ಕುರಿತು ಬೇಕಾದಷ್ಟು ಚರ್ಚಿಸಿದ್ದೇವೆ. ಆ ಹೆಸರಿನೊಳಗೇ ಕುಳಿತಿರುವ ಕೆರೆಯನ್ನು ಕುರಿತು ಅಷ್ಟಾಗಿ ಮಾತನಾಡಿಲ್ಲ. ಇಂದಿನ ನನ್ನ ಮಾತು ಕೆರೆಯದು. ಕೆರೆಯನ್ನು ನಂಬಿದ ಹಕ್ಕಿಗಳದು. ಅವನ್ನು ಶಾಸ್ತ್ರದ ಕಣ್ಣಿನಿಂದ ನೋಡಿದವರದು.

ಈ ನೋಟದ ಇತಿಹಾಸ ನಮ್ಮ ಭಾಗದಲ್ಲಿ ಬ್ರಿಟಿಷರ ಕಾಲದಿಂದ ಮೊದಲಾಗುತ್ತದೆ. ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ಬೆಳಗಾವಿಯ ದಂಡಿನಲ್ಲಿದ್ದ ಕ್ಯಾಪ್ಟನ್ ಇ. ಎ. ಬಟ್ಲರ್ ಎಂಬಾತ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ ೧೮೮೧ರಲ್ಲಿ ಪ್ರಕಟಿಸಿದನು. ಅದು ಅಚ್ಚಾದದ್ದು 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯಲ್ಲಿ. ಅದರ ಸಂಪಾದಕ ಎ. ಓ. ಹ್ಯೂಮ್, ಮುಂದೆ ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಹ್ಯೂಮನೇ ಈತ. ೧೮೮೩ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವೂ ಹುಟ್ಟಿತು. ಅದರ ನಿಯತಕಾಲಿಕದಲ್ಲಿ ಜೆ. ಡೇವಿಡ್‌ಸನ್ ೧೮೯೮ರಲ್ಲಿ ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತು ಬರೆದನು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳೆದು, ಹೆಸರಿಡುವುದು ಆ ಕಾಲದ ವಿಧಾನ. ಯಾವ ಜಾತಿ, ಯಾವ ತಿಂಗಳು, ಎಲ್ಲಿ ಸಿಕ್ಕಿತು ಎಂಬುದಕ್ಕೆ ಅವರು ಬರೆದಿಟ್ಟ ದಾಖಲೆ ಇಂದಿಗೂ ಬೆಲೆಯುಳ್ಳದ್ದು.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಇನ್ನೊಬ್ಬ ಅಧಿಕಾರಿ ಬೇರೊಂದು ಬಗೆಯ ಸಂಗ್ರಹದಲ್ಲಿ ತೊಡಗಿದ್ದನು. ಆತನು ಜೆ. ಎಫ್. ಫ್ಲೀಟ್. ಗುಡಿಗೆರೆಯ ಜೈನ ಶಾಸನವನ್ನು ಓದಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ೧೮೮೯ರಲ್ಲಿ ಪ್ರಕಟಿಸಿದವನು ಆತನೇ. ಶಕವರ್ಷ ೯೯೮ರ, ಎಂದರೆ ಕ್ರಿ. ಶ. ೧೦೭೬ರ ಸುಮಾರಿನ ಆ ಶಾಸನವು ಪುಲಿಗೆರೆಯಲ್ಲಿ ಕುಂಕುಮಮಹಾದೇವಿಯು ಕಟ್ಟಿಸಿದ ಆನೆಸೆಜ್ಜೆಯ ಬಸದಿಯನ್ನೂ ಅದಕ್ಕೆ ಸೇರಿದ ಗುಡಿಗೆರೆಯ ಭೂಮಿಯನ್ನೂ ಹೇಳುತ್ತದೆ. ಕನ್ನಡ ನಾಡಿನ ಇಂಥ ನೂರಾರು ಶಾಸನಗಳು ನೀರಿನ ಲೆಕ್ಕವನ್ನೂ ಇಟ್ಟಿವೆ. ಕೆರೆಯನ್ನು ಕಟ್ಟಿದವನಿಗೆ, ಕಾಯುವವನಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು 'ಬಿತ್ತುವಟ್ಟ' ಎನಿಸಿತ್ತು. ಹೂಳೆತ್ತುವ ಕೆರೆಯ ಬಂಡಿಗೂ ದತ್ತಿ ಇತ್ತು. ಕೆರೆ ಕಟ್ಟಿಸಿದ್ದು ಪುಣ್ಯವಾದರೆ, ಅದನ್ನು ವರ್ಷ ವರ್ಷವೂ ಉಳಿಸುವುದು ವ್ಯವಸ್ಥೆ ಎಂಬ ತಿಳಿವಳಿಕೆ ಈ ಶಾಸನಗಳಲ್ಲಿ ಸ್ಪಷ್ಟವಾಗಿದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಹಕ್ಕಿಯ ಪಟ್ಟಿ ಬರೆದವರಿಗೆ ಕೆರೆಯು ಹಕ್ಕಿ ಸಿಗುವ ಒಂದು ಸ್ಥಳ ಮಾತ್ರ. ಶಾಸನ ಓದಿದವರಿಗೆ ಕೆರೆಯು ದಾನದ ಒಂದು ವಸ್ತು ಮಾತ್ರ. ಎರಡು ವಿದ್ಯೆಗಳು ಒಂದೇ ಏರಿಯ ಮೇಲೆ ನಡೆದಾಡಿದರೂ ಪರಸ್ಪರ ಮಾತನಾಡಲಿಲ್ಲ. ಈ ಕೆರೆ ಯಾರು ಕಟ್ಟಿದ್ದು, ಯಾರ ದುಡಿಮೆಯಿಂದ ಉಳಿದದ್ದು, ಆದುದರಿಂದ ಇಲ್ಲಿ ಈ ಹಕ್ಕಿ ಏಕೆ ಇದೆ ಎಂಬ ಪ್ರಶ್ನೆ ಬಹುಕಾಲ ಯಾರದೂ ಆಗಲಿಲ್ಲ.

ಮುಂದಿನ ಘಟ್ಟ ಸಲೀಂ ಅಲಿಯವರದು. ಅವರು ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯ ಫಲವಾಗಿ ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ತಿಟ್ಟುಗಳೂ ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಉಂಟಾದವು. ಮನುಷ್ಯ ನೀರನ್ನು ತಡೆದ, ಹಕ್ಕಿ ಅಲ್ಲಿ ಮನೆ ಮಾಡಿತು.

೧೯೭೧ರ ಫೆಬ್ರುವರಿ ೨ರಂದು ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು ಜೌಗುಭೂಮಿಗೆ ಕೊಟ್ಟ ವ್ಯಾಖ್ಯೆ ಬಲು ವಿಶಾಲವಾದದ್ದು. ಸಹಜವಾದದ್ದಾಗಲಿ ಕೃತಕವಾದದ್ದಾಗಲಿ, ಸಿಹಿನೀರಾಗಲಿ ಉಪ್ಪುನೀರಾಗಲಿ, ಇಳಿತದ ವೇಳೆ ಆರು ಮೀಟರಿಗಿಂತ ಆಳವಿಲ್ಲದ ಕಡಲಂಚಾಗಲಿ, ಎಲ್ಲವೂ ಅದರೊಳಗೆ ಸೇರುತ್ತವೆ. ಹೀಗೆ ಕರಾವಳಿಯ ಅಳಿವೆಯೂ ಬಯಲುಸೀಮೆಯ ಕೆರೆಯೂ ಒಂದೇ ಶಾಸ್ತ್ರದ ವಿಷಯಗಳಾದವು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೂ ಧಾರವಾಡದ ಗುಡ್ಡದಿಂದ ಇಳಿದು ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರದ ಅಧ್ಯಯನ ವಿಭಾಗವನ್ನು ತೆರೆಯಿತು. ೨೦೨೪ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಕರ್ನಾಟಕದ ಮೂರು ತಾಣಗಳು ಸೇರಿದ ಸುದ್ದಿ ಬಂದಿತು: ಕುಮಟೆಯ ಬಳಿಯ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ. ಅಘನಾಶಿನಿಯು ಕಾಂಡ್ಲಾ ಗಿಡಗಳ, ಚಿಪ್ಪುಜೀವಿಗಳ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳ ನೆಲೆ. ಅಲ್ಲಿಯೂ ಗದ್ದೆಯ ಕಟ್ಟೆಯನ್ನು ಕಾಯ್ದವನು ರೈತನೇ.

ಮಾಗಡಿ ಎಂದೊಡನೆ ಕೆಂಪೇಗೌಡರ ಮಾಗಡಿಯನ್ನು ನೆನೆಯಬೇಡಿರಿ. ಇದು ಶಿರಹಟ್ಟಿ ತಾಲೂಕಿನದು. ಗುಡಗೇರಿಯಿಂದ ಲಕ್ಷ್ಮೇಶ್ವರವನ್ನು ದಾಟಿ ಹೋದರೆ ಸಿಗುವ ಹಳ್ಳಿ. ೧೯೯೭ರವರೆಗೆ ಇದೂ ಅವಿಭಜಿತ ಧಾರವಾಡ ಜಿಲ್ಲೆಯದೇ. ಸುಮಾರು ೫೦ ಹೆಕ್ಟೇರ್ ವಿಸ್ತಾರದ ಈ ಕೆರೆಯನ್ನು ಕಟ್ಟಿದ್ದು ಮಳೆನೀರು ಹಿಡಿದು ಹೊಲಕ್ಕೆ ಕೊಡಲು. ಇಲ್ಲಿ ೧೬೬ ಜಾತಿಯ ಹಕ್ಕಿಗಳು ದಾಖಲಾಗಿವೆ; ಚಳಿಗಾಲಕ್ಕೆ ಸುಮಾರು ೮,೦೦೦ ಹಕ್ಕಿಗಳು ಬರುತ್ತವೆ. ಅವುಗಳಲ್ಲಿ ಮುಖ್ಯ ಅತಿಥಿ ಪಟ್ಟೆತಲೆಯ ಹೆಬ್ಬಾತು. ದಕ್ಷಿಣ ಭಾರತದಲ್ಲಿ ಅದು ಚಳಿಗಾಲ ಕಳೆಯುವ ಬಹು ದೊಡ್ಡ ತಾಣಗಳಲ್ಲಿ ಮಾಗಡಿ ಒಂದು.

ಬಿಳಿಯ ತಲೆಗೆ ಎರಡು ಕಪ್ಪು ಪಟ್ಟೆಗಳನ್ನು ಧರಿಸಿದ ಈ ಹಕ್ಕಿ ಮರಿ ಮಾಡುವುದು ಟಿಬೆಟ್, ಮಂಗೋಲಿಯಗಳ ಸರೋವರಗಳಲ್ಲಿ. ನಡುವೆ ಹಿಮಾಲಯವಿದೆ. ೭,೦೦೦ ಮೀಟರಿಗೂ ಮೇಲೆ ಇದು ಹಾರಿದ್ದನ್ನು ಉಪಕರಣಗಳು ದಾಖಲಿಸಿವೆ. ಇದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿವೆ. ಮೇಘದೂತವನ್ನು ಓದಿದವರಿಗೆ ಮಾನಸಕ್ಕೆ ಹೊರಟ ಹಂಸಗಳೂ ಅವು ನುಸುಳಿ ಹೋಗುವ ಕ್ರೌಂಚಪರ್ವತದ ಕಂಡಿಯೂ ನೆನಪಾಗದೆ ಇರವು. ನಮ್ಮ ಹಂಸವೆಂಬುದು ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ ಬರೆದ ಒಂದು ಪುಸ್ತಕವೇ ೧೯೬೨ರಲ್ಲಿ ಪ್ರಕಟವಾಯಿತು. ಕವಿಯ ಹಂಸ ಮುಂಗಾರಿನ ಮೋಡ ಕಂಡು ಹೊರಡುತ್ತದೆ. ಮಾಗಡಿಯ ಹೆಬ್ಬಾತು ಮಾರ್ಚಿಯಲ್ಲೇ ಹೊರಟುಬಿಡುತ್ತದೆ. ಹಾರುವ ದಿಕ್ಕಿನಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಈ ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ದನದಂತೆ ಮೇಯುವ ಹಕ್ಕಿ. ಹಗಲೆಲ್ಲ ಕೆರೆಯ ಬಯಲು ನೀರಿನಲ್ಲಿ, ನಾಲ್ಕೂ ಕಡೆ ಕಣ್ಣು ಹಾಯುವಲ್ಲಿ, ನಿರ್ಭಯವಾಗಿ ತಂಗುತ್ತದೆ. ಸಂಜೆಯಾದೊಡನೆ ಸಾಲುಗಟ್ಟಿ ಎದ್ದು ಹಿಂಗಾರಿ ಪೈರಿನ ಎಳೆಚಿಗುರಿಗೆ ಇಳಿಯುತ್ತದೆ. ಎಂದರೆ ಅದಕ್ಕೆ ಕೆರೆಯೊಂದೇ ಸಾಲದು; ಎರೆಹೊಲವೂ ಬೇಕು. ಇತರ ಹಕ್ಕಿಗಳ ಲೆಕ್ಕ ಬೇರೆ. ಮಳೆಗಾಲದಲ್ಲಿ ತುಂಬಿದ ಕೆರೆ ಚಳಿಗಾಲದಲ್ಲಿ ಮೆಲ್ಲನೆ ಇಳಿಯುವಾಗ ಅಂಚಿನ ಕೆಸರು ತೆರೆದುಕೊಳ್ಳುತ್ತದೆ. ಅದರಲ್ಲಿಯ ಹುಳುಗಳನ್ನು ಕೊಕ್ಕಿನ ಉದ್ದಕ್ಕೂ ಕಾಲಿನ ಎತ್ತರಕ್ಕೂ ತಕ್ಕಂತೆ ಬೇರೆ ಬೇರೆ ಹಕ್ಕಿಗಳು ಹಂಚಿಕೊಳ್ಳುತ್ತವೆ. ಕೆರೆ ಪೂರ್ತಿ ಬತ್ತಿದರೆ ಈ ಪಂಕ್ತಿ ಏಳುತ್ತದೆ. ವರ್ಷವಿಡೀ ಅಂಚಿನವರೆಗೆ ತುಂಬಿಯೇ ಇದ್ದರೂ ಏಳುತ್ತದೆ.

ಇದನ್ನೆಲ್ಲ ತಿಳಿಸಿದ್ದು ಕೊಂದು ತಂದ ಚರ್ಮವಲ್ಲ, ವರ್ಷ ವರ್ಷವೂ ನಿಂತು ಎಣಿಸಿದ ಕಣ್ಣು. ೧೯೮೭ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ನೀರುಹಕ್ಕಿಗಳ ಗಣತಿ ನಡೆದುಬಂದಿದೆ. ಧಾರವಾಡದ ಪ್ರಾಣಿಶಾಸ್ತ್ರಜ್ಞ ಜೆ. ಸಿ. ಉತ್ತಂಗಿಯವರು ೨೦೦೧ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ ಧಾರವಾಡ ಜಿಲ್ಲೆಯ ಸಣ್ಣ ನೀರಾವರಿ ಕೆರೆಗಳು. ವಲಸೆ ಹಕ್ಕಿಗಳಿಗೆ ಅವು ನಡುದಾರಿಯ ತಂಗುದಾಣಗಳೆಂಬುದನ್ನು ಅವರು ಎತ್ತಿ ಹೇಳಿದರು. ಬಟ್ಲರನ ಪಟ್ಟಿಯೂ ಫ್ಲೀಟನ ಕಲ್ಲೂ ಇಲ್ಲಿ ಕೊನೆಗೆ ಒಂದೆಡೆ ಸೇರುವಂತಾಯಿತು.

ಆದರೆ ಸೇರಿದ ಮೇಲೆಯೇ ಕಠಿಣವಾದ ಪ್ರಶ್ನೆ ಏಳುತ್ತದೆ. ಮಾಗಡಿಯ ಹೆಸರು ಜಗತ್ತಿನ ಪಟ್ಟಿಯಲ್ಲಿದೆ. ಹೆಬ್ಬಾತು ಮೇಯುವ ಹೊಲ ಯಾವ ಪಟ್ಟಿಯಲ್ಲಿಯೂ ಇಲ್ಲ. ಕೆರೆಯ ಗಡಿಗೆ ಕಲ್ಲು ನೆಟ್ಟು ಹಕ್ಕಿಯನ್ನು ಕಾಯಬಹುದು. ಇರುಳು ಅದು ಉಣ್ಣುವ ಅನ್ನ ಮಾತ್ರ ಆ ಕಲ್ಲಿನ ಹೊರಗೆ, ಒಬ್ಬ ಸಣ್ಣ ಹಿಡುವಳಿದಾರನ ಖರ್ಚಿನಲ್ಲಿ ಬೆಳೆದಿರುತ್ತದೆ. ಅವನು ಸುಮ್ಮನಿರುವವರೆಗೆ ಮಾತ್ರ ಈ ಒಪ್ಪಂದಗಳಿಗೆ ಅರ್ಥ. ಅವನ ಸಹನೆಯನ್ನು ಸಂಪ್ರದಾಯವೆಂದು ಹೊಗಳಿ ನಾವು ಕೈ ತೊಳೆದುಕೊಳ್ಳುವುದು ಸುಲಭ; ನ್ಯಾಯವಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಕೇವಲ ಭಾವುಕರಾಗಿರಲಿಲ್ಲ. ಕೆರೆ ಉಳಿಯಬೇಕಾದರೆ ಕೆರೆಯನ್ನು ಕಾಯುವವನು ಉಳಿಯಬೇಕೆಂದು ಅರಿತು ಅವನ ಪಾಲನ್ನು ಕಲ್ಲಿನಲ್ಲಿ ಕೊರೆಯಿಸಿದರು. ಇಂದಿನ ವಿಜ್ಞಾನ ಎಷ್ಟು ಹಕ್ಕಿ ಬಂದವೆಂದು ಎಣಿಸಬಲ್ಲದು. ಅವು ಎಷ್ಟು ಮೇದವೆಂಬುದನ್ನೂ ಎಣಿಸಬಲ್ಲದು. ಆ ಎರಡನೆಯ ಲೆಕ್ಕವನ್ನೂ ಬರೆದು, ಅದನ್ನು ತೀರಿಸುವ ಹೊಣೆಯನ್ನು ನಾಡು ಹೊತ್ತಾಗ, ಹೆಬ್ಬಾತಿಗೂ ಒಂದು ಬಿತ್ತುವಟ್ಟವನ್ನು ನಾವು ಬಿಟ್ಟಂತಾಗುವುದು.